ಈ ಫೋಟೋದಲ್ಲಿ ನಿಂತಿರುವ ನಮ್ಮ ಮುತ್ತಜ್ಜ ಸಿಪಾಯಿಯಾ? ಬೆಳಗಾವಿ, ಬಾಗಲಕೋಟೆ ಕಡೆಯವರು ನೋಡಿ ಹೇಳಿ

ಘಟಪ್ರಭಾ ದಂಡೆ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಾನು ನವನಗರದವಳು. ಇದು ನಮ್ಮ ಅಜ್ಜನ ಅಪ್ಪನ ಫೋಟೋ. ಮನೆಯಲ್ಲಿ ಅವರ ಬಗ್ಗೆ ಉಳಿದಿರುವುದು ಒಂದೇ ಮಾತು: "ಲಡಾಯಿಗೆ ಹೋಗಿದ್ದ, ಬಸರಾ ನೋಡಿ ಬಂದಿದ್ದ." ಯಾವ ವರ್ಷ, ಯಾಕೆ ಹೋದರು, ಅಲ್ಲಿ ಏನು ಮಾಡಿದರು, ಯಾರಿಗೂ ಗೊತ್ತಿಲ್ಲ. ನಮ್ಮ ಕಾಕಾ ಮಾತ್ರ "ಮರಾಠಾ ಪಲ್ಟನ್ನಿನ ಸಿಪಾಯಿ" ಅಂತ ಖಡಾಖಂಡಿತ ಹೇಳುತ್ತಾರೆ.

ದಪ್ಪ ರಟ್ಟಿಗೆ ಅಂಟಿಸಿದ ಕಂದು ಬಣ್ಣದ ಪಟ. ತಲೆಗೆ ಪಟಕಾ, ಕುತ್ತಿಗೆಯವರೆಗೆ ಗುಂಡಿ ಹಾಕಿದ ಕೋಟು, ಮೊಣಕಾಲಿನ ಕೆಳಗೆ ಸುತ್ತಿದ ಪಟ್ಟಿ. ಕಾಲು ಬರಿಗಾಲು. ಪಕ್ಕದಲ್ಲಿ ಒಂದು ಖಾಲಿ ಕುರ್ಚಿ. ಹಿಂದೆ ಬಟ್ಟೆಯ ಮೇಲೆ ಬರೆದ ಕಂಬ, ಮೆಟ್ಟಿಲು. ರಟ್ಟಿನ ಕೆಳಗೆ ಇಂಗ್ಲಿಷಿನಲ್ಲಿ ಬೆಳಗಾವಿಯ ಹೆಸರು ಅರ್ಧ ಓದಲು ಬರುತ್ತದೆ. ಸ್ಟುಡಿಯೋ ಹೆಸರಿದ್ದ ಮೂಲೆಯನ್ನು ಹುಳ ತಿಂದಿದೆ.

ಇದರ ಜೊತೆ ಒಂದು ದುಂಡನೆಯ ಪದಕ, ಮೋಡಿ ಲಿಪಿಯಂತೆ (ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿ) ಕಾಣುವ ಒಂದು ಕಾಗದ ಇವೆ. ಆಲಮಟ್ಟಿ ಹಿನ್ನೀರು ಬಂದು ಹಳೇ ಮನೆ ಬಿಡುವಾಗ ತಂದ ಟ್ರಂಕಿನಲ್ಲಿ ಇದ್ದವು. ಆಯಿ ತೀರಿಕೊಂಡ ಮೇಲೆ ಟ್ರಂಕು ನನ್ನ ಹತ್ತಿರ ಬಂತು. ಎಲ್ಲಿಂದ ಶುರು ಮಾಡಲಿ?

ಕ್ಯಾಂಪ್ ಏರಿಯಾ (ಬೆಳಗಾವಿ)

ಅಕ್ಕಾರೇ, ಫೋಟೋ ಸ್ವಲ್ಪ ಬದಿಗಿಡಿ. ಮೊದಲು ಪದಕವನ್ನು ಕೈಗೆತ್ತಿಕೊಳ್ಳಿ.

ಒಂದು ಕಡೆ ಟೋಪಿ ಇಲ್ಲದ ರಾಜನ ತಲೆ, ಇನ್ನೊಂದು ಕಡೆ ಕುದುರೆಯ ಮೇಲೆ ಬರಿಮೈ ಸವಾರ, 1914 ಮತ್ತು 1918 ಅಂತ ಇಸವಿ ಇದ್ದರೆ ಅದು ಬ್ರಿಟಿಷ್ ವಾರ್ ಮೆಡಲ್, ಮೊದಲ ಮಹಾಯುದ್ಧದ ಪದಕ. ರಾಜ ಅಂದರೆ ಐದನೇ ಜಾರ್ಜ್. ಈಗ ಪದಕವನ್ನು ನಾಣ್ಯ ಹಿಡಿದಂತೆ ಅಡ್ಡ ಹಿಡಿದು ಅಂಚು ನೋಡಿ. ಆ ಅಂಚಿನ ಮೇಲೆ ನಂಬರ್, ಹುದ್ದೆ, ಹೆಸರು, ತುಕಡಿ ಕೊರೆದಿರುತ್ತಾರೆ. ನೂರು ವರ್ಷದ ಕಥೆ ಆ ಸಣ್ಣ ಅಂಚಿನಲ್ಲಿ ಇದೆ. ತುಂಬಾ ಮನೆಗಳಲ್ಲಿ ಅದನ್ನು ಯಾರೂ ತಿರುಗಿಸಿ ನೋಡಿರುವುದಿಲ್ಲ.

ಪಾಲಿಶ್ ಮಾತ್ರ ಹಾಕಬೇಡಿ. ಹುಣಸೆಹಣ್ಣು, ರಂಗೋಲಿ ಪುಡಿ ಯಾವುದೂ ಬೇಡ. ಉಜ್ಜಿ ಉಜ್ಜಿ ಅಕ್ಷರ ಸವೆದುಹೋದ ಪದಕ ಸಾಕಷ್ಟು ನೋಡಿದ್ದೇನೆ.

ಬಣ್ಣವೂ ಹೇಳಿ. ಬೆಳ್ಳಿಯದಾ, ಕಂಚಿನದಾ? ಅದು ಬಹಳ ಮುಖ್ಯ.

ಕಾಕಾ ಅವರಿಗೆ ಒಂದು ಮಾತು. ಬೆಳಗಾವಿಯಲ್ಲಿ ಫೋಟೋ ತೆಗೆಸಿದ್ದಾರೆ ಅಂದ ಮಾತ್ರಕ್ಕೆ ಮರಾಠಾ ಪಲ್ಟನ್ ಅಂತ ಆಗುವುದಿಲ್ಲ. ಆಗ 103, 105, 110, 114, 116, 117 ಅಂತ ಬೇರೆ ಬೇರೆ ಮರಾಠಾ ಪಲ್ಟನ್‌ಗಳಿದ್ದವು. 1922ರಲ್ಲಿ ಅವನ್ನೆಲ್ಲ ಒಂದು ರೆಜಿಮೆಂಟ್ ಮಾಡಿದರು. ಮೆಸಪೊಟೇಮಿಯಾಕ್ಕೆ (ಬಸರಾ ಇರುವ ಈಗಿನ ಇರಾಕಿಗೆ) ಹೋದವರಲ್ಲಿ 103, 110, 117ರವರು ಅಲ್ಲಿನ ಕುತ್ ಊರಿನಲ್ಲಿ 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ಮುತ್ತಿಗೆಯಲ್ಲಿ ಸಿಕ್ಕಿಬಿದ್ದಿದ್ದರು. ನಿಮ್ಮವರು ಅವರಲ್ಲಿ ಒಬ್ಬರಾಗಿದ್ದರೆ ಅಂಚಿನ ಮೇಲೆ ಪಲ್ಟನ್ನಿನ ನಂಬರ್ ಇರಬೇಕು.

ಹಳೇ ಪಟ (ಗೋಕಾಕ)

ನಮ್ಮದು ತಂದೆಯ ಕಾಲದಿಂದ ಸ್ಟುಡಿಯೋ. ಹಳೇ ಫೋಟೋ ರಿಪೇರಿ ಈಗಲೂ ಮಾಡುತ್ತೇನೆ.

ಪಟ ಗಾಜಿನ ಚೌಕಟ್ಟಿನಲ್ಲಿದೆಯಾ? ಗಾಜಿಗೆ ಅಂಟಿಕೊಂಡಿದ್ದರೆ ಕೀಳಲು ಹೋಗಬೇಡಿ. ಇಂಥ ಫೋಟೋದ ಮೇಲ್ಪದರ ಜೆಲಟಿನ್. ಮಳೆಗಾಲದ ತಂಪಿಗೆ ಮೆತ್ತಗಾಗಿ ಗಾಜು ಹಿಡಿಯುತ್ತದೆ. ಎಳೆದರೆ ಮುಖವೇ ಗಾಜಿನ ಜೊತೆ ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ, 600 ಡಿಪಿಐಗೆ ಕಡಿಮೆ ಬೇಡ. ಬಣ್ಣದಲ್ಲೇ ಮಾಡಿ. ಕಪ್ಪು-ಬಿಳುಪಿನಲ್ಲಿ ಮಾಡಿದರೆ ಕಲೆ ಯಾವುದು, ಗೆರೆ ಯಾವುದು ತಿಳಿಯುವುದಿಲ್ಲ.

ಇನ್ನೊಂದು. ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ರಟ್ಟಿನ ಹಿಂಬದಿಗೆ ಪಕ್ಕದಿಂದ, ನೆಲಕ್ಕೆ ತಾಗಿಸಿ ಬಿಡಿ. ಪೆನ್ಸಿಲ್ ಬರಹ ಅಳಿಸಿದ್ದರೂ ಒತ್ತಿದ ಗುರುತು ನೆರಳಾಗಿ ಏಳುತ್ತದೆ. ಹಿಂದೆ ಬಾಲ್ ಪೆನ್ನಿನಲ್ಲಿ ಏನೂ ಬರೆಯಬೇಡಿ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ಸ್ಕ್ಯಾನ್ ಆದ ಮೇಲೆ ಕುರ್ಚಿಯ ಭಾಗವನ್ನು ದೊಡ್ಡದು ಮಾಡಿ ಹಾಕಿ. ಯಾರೂ ಕೂರದ ಕುರ್ಚಿಯನ್ನು ನಡುವಿನಲ್ಲಿ ಇಟ್ಟು ಒಬ್ಬರನ್ನೇ ಒಂದು ಬದಿಗೆ ನಿಲ್ಲಿಸುವುದು ನನಗೆ ಸರಿ ಕಾಣುತ್ತಿಲ್ಲ.

ಘಟಪ್ರಭಾ ದಂಡೆ (ಬಾಗಲಕೋಟೆ)

ಪದಕ ಕಂಚಿನದು. ಕುದುರೆ ಸವಾರ ಇದ್ದಾನೆ, ಇಸವಿಯೂ ಇದೆ. ರಿಬ್ಬನ್ ಇಲ್ಲ. ಅಂಚಿನ ಮೇಲೆ ಮೊದಲು ನಂಬರ್, ಆಮೇಲೆ "ಲೇಬರರ್", ಆಮೇಲೆ ನಮ್ಮ ಮುತ್ತಜ್ಜನ ಹೆಸರು ತಪ್ಪುತಪ್ಪಾಗಿ, ಕೊನೆಗೆ ಲೇಬರ್ ಕೋರ್ (ಕೂಲಿ ಕೆಲಸದ ದಳ) ಅಂತ ಓದಲು ಬಂತು. ನನ್ನ ಮಗಳು ಮಸೂರ ಹಿಡಿದು ಒಂದೊಂದೇ ಅಕ್ಷರ ಬರೆದುಕೊಂಡಳು.

ಕಾಕಾಗೆ ಹೇಳಿದೆ. ಅವರಿಗೆ ಬಹಳ ನೋವಾಗಿದೆ. "ಹಮಾಲಿ ಮಾಡಾಕ ಸಮುದ್ರ ದಾಟಿ ಹೋಗಿದ್ನೇನ ನಮ್ಮಜ್ಜ? ಬ್ಯಾರೆ ಯಾರದರ ಇರಬೇಕು ಅದು" ಅಂದರು. ಅವರ ಮನಸ್ಸು ನನಗೆ ಅರ್ಥವಾಗುತ್ತದೆ. ಎಪ್ಪತ್ತು ವರ್ಷ ಸಿಪಾಯಿಯ ಮೊಮ್ಮಗ ಅಂತ ಬದುಕಿದವರು.

ಕುರ್ಚಿಯ ಭಾಗ ಹಾಕಿದ್ದೇನೆ, ನೋಡಿ.

ಕ್ಯಾಂಪ್ ಏರಿಯಾ (ಬೆಳಗಾವಿ)

ಕಂಚು ಅಂದಾಗಲೇ ಅಂದುಕೊಂಡೆ. ಸಿಪಾಯಿಗಳಿಗೆ ಕೊಟ್ಟಿದ್ದು ಬೆಳ್ಳಿಯದು. ಲೇಬರ್ ಕೋರ್‌ನವರಿಗೆ ಅದೇ ಅಚ್ಚಿನ ಪದಕವನ್ನು ಕಂಚಿನಲ್ಲಿ ಮಾಡಿ ಕೊಟ್ಟರು. ಕೆಲಸ ಮಾಡಿದವನಿಗೆ ಒಂದು ಲೋಹ, ಬಂದೂಕು ಹಿಡಿದವನಿಗೆ ಇನ್ನೊಂದು ಲೋಹ. ಆ ಭೇದ ಮಾಡಿದವರು ಬ್ರಿಟಿಷರು. ಅದನ್ನು ನಾವು ಮನೆಯೊಳಗೆ ಇಟ್ಟುಕೊಳ್ಳಬೇಕಾ?

ದಯವಿಟ್ಟು ಕಾಕಾಗೆ ಈ ಲೆಕ್ಕ ಓದಿ ಹೇಳಿ. ಆ ಯುದ್ಧಕ್ಕೆ ಇಂಡಿಯಾದಿಂದ ಸೇರಿಸಿಕೊಂಡವರು 14 ಲಕ್ಷಕ್ಕೂ ಜಾಸ್ತಿ. ಅವರಲ್ಲಿ ಐದೂವರೆ ಲಕ್ಷಕ್ಕೂ ಮೇಲ್ಪಟ್ಟು ಜನ ಬಂದೂಕು ಹಿಡಿದವರಲ್ಲ. ಕೂಲಿಗಳು, ಹೇಸರಗತ್ತೆ ಹೊಡೆಯುವವರು, ಡೋಲಿ ಹೊರುವವರು, ಅಡಿಗೆಯವರು, ಕ್ಷೌರಿಕರು, ಕಸ ಗುಡಿಸುವ ಝಾಡಮಾಲಿಗಳು. ಎಲ್ಲಕ್ಕಿಂತ ಜಾಸ್ತಿ ಜನ ಹೋಗಿದ್ದು ಮೆಸಪೊಟೇಮಿಯಾಕ್ಕೆ. ಅಲ್ಲಿ ರಸ್ತೆ ಇರಲಿಲ್ಲ, ರೈಲಿರಲಿಲ್ಲ. ಬಸರಾದಲ್ಲಿ ಹಡಗಿನಿಂದ ಸಾಮಾನು ಇಳಿಸಲು ಸರಿಯಾದ ಧಕ್ಕೆಯೂ ಇರಲಿಲ್ಲ. ಧಕ್ಕೆ ಕಟ್ಟಿದವರು, ಕೆಸರಿನಲ್ಲಿ ಒಡ್ಡು ಹಾಕಿದವರು, ಇಂಡಿಯಾದಿಂದ ಬಂದ ಹಳಿಯನ್ನು ಹೆಗಲ ಮೇಲೆ ಹೊತ್ತು ಜೋಡಿಸಿದವರು ಇವರೇ. 1917ರ ಮಾರ್ಚ್ 11ಕ್ಕೆ ಬಾಗ್ದಾದ್ ಬಿತ್ತು. ಅದರ ಹಿಂದೆ ಇವರ ಬೆವರಿದೆ.

ಯುದ್ಧದಲ್ಲಿ ಸತ್ತವರ ಹೆಸರು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟಿನಲ್ಲಿ ಹುಡುಕಬಹುದು. ಬಸರಾ ಸ್ಮಾರಕದಲ್ಲೇ 40 ಸಾವಿರಕ್ಕೂ ಹೆಚ್ಚು ಜನರ ನೆನಪಿದೆ. ನಿಮ್ಮವರು ತಿರುಗಿ ಬಂದವರು, ಆದ್ದರಿಂದ ಅಲ್ಲಿ ಸಿಗುವುದಿಲ್ಲ. ಪಂಜಾಬಿನವರ ನಸೀಬು ಚೆನ್ನಾಗಿದೆ. ಊರೂರಿನ ರಿಜಿಸ್ಟರುಗಳು ಲಾಹೋರ್ ಮ್ಯೂಸಿಯಂನಲ್ಲಿ ಉಳಿದಿದ್ದವು. 3 ಲಕ್ಷಕ್ಕೂ ಹೆಚ್ಚು ಹೆಸರು ಈಗ ಆನ್‌ಲೈನ್‌ನಲ್ಲಿವೆ. ನಮ್ಮ ಕಡೆ ಟ್ರಂಕುಗಳನ್ನೇ ಹುಡುಕಬೇಕು.

ನಿಮ್ಮ ಮೂಲ ಊರಿನ ಚಾವಡಿಯಲ್ಲಿ ಕಲ್ಲು ಇತ್ತಾ ಕೇಳಿ ನೋಡಿ. ಈ ಊರಿನಿಂದ ಇಷ್ಟು ಜನ 1914-19ರ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು ಅಂತ ಕೊರೆದ ಕಲ್ಲುಗಳನ್ನು ಸರ್ಕಾರ ಎಷ್ಟೋ ಹಳ್ಳಿಗಳಲ್ಲಿ ಹಾಕಿಸಿತ್ತು. ಅದರಲ್ಲಿ ಹೆಸರಿರುವುದಿಲ್ಲ, ಲೆಕ್ಕ ಮಾತ್ರ.

ಹಳೇ ಪಟ (ಗೋಕಾಕ)

ಕುರ್ಚಿಯ ಬೆನ್ನಿನ ಮೇಲೆ ಎಡಗಡೆ ಅಂಚಿಗೆ ನೋಡಿ. ಮೂರು ಬೆರಳು ಇವೆ. ನಿಮ್ಮ ಮುತ್ತಜ್ಜನ ಎರಡೂ ಕೈ ಬೇರೆ ಕಡೆ ಕಾಣುತ್ತವೆ. ಆ ಬೆರಳು ಬೇರೆಯವರದು.

ರಟ್ಟಿನ ಎಡ ಅಂಚು ನೋಡಿದರೆ ಇನ್ನೂ ಸ್ಪಷ್ಟ. ಬಲಗಡೆ, ಮೇಲೆ, ಕೆಳಗೆ ಬಂಗಾರದ ಸಣ್ಣ ಗೆರೆ ಇದೆ. ಎಡಗಡೆ ಇಲ್ಲ. ಅಂಚು ಕೂಡ ಸ್ವಲ್ಪ ಓರೆ. ಕತ್ತರಿಯಲ್ಲಿ ಕತ್ತರಿಸಿದ್ದಾರೆ. ಇದು ಇಬ್ಬರ ಫೋಟೋ. ಕುರ್ಚಿಯ ಆಚೆ ಈಚೆ ಇಬ್ಬರು ನಿಂತಿದ್ದರು.

ಕೋಟಿನ ಬಗ್ಗೆ. ತೋಳು ಅಂಗೈ ಅರ್ಧ ಮುಚ್ಚುವಷ್ಟು ಉದ್ದ. ಅವರ ಅಳತೆಯದ್ದಲ್ಲ. ಸ್ಟುಡಿಯೋದಲ್ಲಿ ಕೋಟು ಇಟ್ಟು ಗಿರಾಕಿಗಳಿಗೆ ಹಾಕಿಕೊಳ್ಳಲು ಕೊಡುವ ರೂಢಿ ನಮ್ಮ ತಂದೆಯ ಕಾಲದಲ್ಲೂ ಇತ್ತು. ಕೋಟಿನ ಮೇಲೆ ಬಿಲ್ಲೆ ಇಲ್ಲ, ಭುಜದ ಮೇಲೆ ಅಕ್ಷರ ಇಲ್ಲ, ಎದೆಯ ಮೇಲೆ ಪದಕವೂ ಇಲ್ಲ. ಪದಕ ಕೈ ಸೇರಿದ ಮೇಲೆ ತೆಗೆಸಿದ್ದರೆ ಹಾಕಿಕೊಂಡೇ ನಿಲ್ಲುತ್ತಿದ್ದರು, ಅಲ್ವಾ? ನನ್ನ ಅಂದಾಜು, ಇದು ಹೊರಡುವ ಮುಂಚಿನ ಫೋಟೋ.

ಕೃಷ್ಣೆಯ ಆಚೆ (ವಿಜಯಪುರ)

ನಡುವೆ ಬಂದು ಹೇಳುತ್ತಿದ್ದೇನೆ. ಕಚೇರಿಗಳಿಗೆ ಅಲೆಯುವ ಮುಂಚೆ ನಿಮ್ಮ ಮನೆತನದ ಹೆಳವರು ಯಾರು ಅಂತ ಕೇಳಿ. ಸುಗ್ಗಿ ಮುಗಿದ ಮೇಲೆ ಎತ್ತು ಹೊಡೆದುಕೊಂಡು ಬಂದು, ಕಟ್ಟೆಯ ಮೇಲೆ ಕೂತು, ಹತ್ತು ತಲೆಮಾರು ಒಂದೇ ಉಸಿರಿನಲ್ಲಿ ಹೇಳುತ್ತಾರಲ್ಲ, ಅವರು. ಮನೆಯವರು ಮರೆತ ಹೆಸರೂ ಅವರ ಹತ್ತಿರ ಇರುತ್ತದೆ. ಯಾವ ಊರಿನಿಂದ ಬಂದಿರಿ, ಯಾವ ಮನೆತನದ ಹೆಣ್ಣು ತಂದಿರಿ, ಯಾರಿಗೆ ಮಕ್ಕಳಾಗಲಿಲ್ಲ, ಎಲ್ಲ. ಅವರಿಗೆ ಪ್ರತಿಯೊಂದು ಹೊಸ ಹೆಸರು ಬರೆಸಿದಾಗ ಜೋಳ, ಬಟ್ಟೆ, ದುಡ್ಡು ಕೊಡುವುದು ಪದ್ಧತಿ. ಅವರನ್ನು ಭಿಕ್ಷೆಗೆ ಬಂದವರು ಅಂತ ಬಾಗಿಲಿನಿಂದಲೇ ಕಳಿಸುವ ಮನೆಗಳನ್ನು ಈಗ ನೋಡುತ್ತೇನೆ, ಹೊಟ್ಟೆ ಉರಿಯುತ್ತದೆ.

ಆಲಮಟ್ಟಿ ಮುಳುಗಡೆಯವರಿಗೆ ಇನ್ನೊಂದು ದಾರಿ ಇದೆ. ಹೊಲ-ಮನೆಯ ಪರಿಹಾರಕ್ಕೆ ಅರ್ಜಿ ಹಾಕುವಾಗ ವಂಶಾವಳಿ ಕೊಟ್ಟಿರುತ್ತೀರಿ. ಆ ಫೈಲಿನ ನಕಲು ಮನೆಯಲ್ಲೇ ಇರಬಹುದು.

ಟಿಳಕವಾಡಿ (ಬೆಳಗಾವಿ)

ಅರ್ಧ ಕತ್ತರಿಸಿದ ಫೋಟೋ ನಮ್ಮ ಮನೆಯಲ್ಲೂ ಇದೆ. 1924ರ ಡಿಸೆಂಬರಿನಲ್ಲಿ ಇಲ್ಲಿ ಗಾಂಧೀಜಿ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ನಮ್ಮಜ್ಜ ಸ್ವಯಂಸೇವಕ. ಎನ್.ಎಸ್. ಹರ್ಡೀಕರರ ಸೇವಾದಳದ ಹುಡುಗರ ಗುಂಪು ಫೋಟೋ. ಚೌಕಟ್ಟಿಗೆ ಹೊಂದಲಿಲ್ಲ ಅಂತ ಒಂದು ಸಾಲು ಪೂರ್ತಿ ಕತ್ತರಿಸಿದ್ದಾರೆ. ಹಾಗಾಗಿ ಕತ್ತರಿ ಹಾಕಿದ್ದಕ್ಕೆಲ್ಲ ಜಗಳ, ದ್ವೇಷ ಕಾರಣ ಅಂದುಕೊಳ್ಳಬೇಡಿ. ಎಷ್ಟೋ ಸಲ ಚೌಕಟ್ಟು ಚಿಕ್ಕದಾಗಿರುತ್ತದೆ, ಅಷ್ಟೇ.

ಮೋಡಿ ಪತ್ರ (ಜಮಖಂಡಿ)

ತಂಗೀ, ಕಾಗದದ ಫೋಟೋ ಕಳಿಸಿದ್ದೆಯಲ್ಲ, ನೋಡಿದೆ. ಜಮಖಂಡಿ ಸಂಸ್ಥಾನದ ಕಾಲದ ಕಾಗದಗಳನ್ನು ಓದಿ ರೂಢಿ ಇದೆ. ನಮ್ಮ ಭಾಗದ ಸಾವಕಾರರು, ಕುಲಕರ್ಣಿಯವರು ಮೋಡಿಯಲ್ಲೇ ಬರೆಯುತ್ತಿದ್ದರು. ಲೇಖಣಿ ಎತ್ತದೆ ಓಡಿಸುವ ಬರಹ, ಸಾಲಿನ ಮೇಲ್ಗೆರೆ ಮೊದಲೇ ಎಳೆದಿರುತ್ತಾರೆ. ನಿನ್ನದರಲ್ಲಿ ಮಡಿಕೆ ಬಿದ್ದ ಎರಡು ಸಾಲು ಹೋಗಿವೆ. ಉಳಿದದ್ದು ಓದಲು ಬಂತು.

ಇದು ಪತ್ರ ಅಲ್ಲ. ಗಹಾಣದ, ಅಂದರೆ ಅಡವಿನ ಕಾಗದ. ಶಕೆ 1839, ಪಿಂಗಳ ಸಂವತ್ಸರ, ವೈಶಾಖ ಮಾಸ. ಶಕೆಗೆ 78 ಕೂಡಿಸಿದರೆ 1917 ಬರುತ್ತದೆ, ಪಿಂಗಳವೂ ಅದೇ ವರ್ಷ. ಎರಡೂ ತಾಳೆಯಾಗುತ್ತವೆ, ಆದ್ದರಿಂದ ಇಸವಿಯಲ್ಲಿ ಅನುಮಾನ ಬೇಡ. ನಾಲ್ಕು ಎಕರೆ ಚಿಲ್ಲರೆ ಗುಂಟೆ ಹೊಲ ಸಾವಕಾರನ ಹತ್ತಿರ ಗಹಾಣ ಇಟ್ಟು ಸಾಲ ತಂದಿದ್ದಾರೆ. ಕೊಟ್ಟವರು ಇಬ್ಬರು. ನಿನ್ನ ಮುತ್ತಜ್ಜ ಮತ್ತು "ತಮ್ಮ" ಅಂತ ಬರೆದ ಇನ್ನೊಬ್ಬರು. ಆ ಹೆಸರನ್ನು ಇಲ್ಲಿ ಹಾಕುವುದಿಲ್ಲ, ನಿನಗೆ ಬೇರೆ ಕಳಿಸಿದ್ದೇನೆ. ಇಬ್ಬರದೂ ರುಜು ಇಲ್ಲ. ಒಬ್ಬರ ಗುರುತು ನೇಗಿಲು, ಇನ್ನೊಬ್ಬರದು ಬರೀ ಹೆಬ್ಬೆಟ್ಟು.

ಈಗ ಕಾಗದ ತಿರುಗಿಸು. ಹಿಂದೆ ಬೇರೆ ಮಸಿಯಲ್ಲಿ, ಕನ್ನಡದಲ್ಲಿ, ಒಂದೇ ಸಾಲು: "ಅಸಲು ಬಡ್ಡಿ ಪೂರಾ ಮುಟ್ಟಿತು, ರೌದ್ರಿ ಸಂವತ್ಸರ." ಅಂದರೆ 1920-21. ಆಗ ಸಾಲ ತೀರಿ ಹೊಲ ಬಿಡಿಸಿಕೊಂಡಿದ್ದಾರೆ.

ಬಸರಾ ಈ ಎರಡು ತಾರೀಖುಗಳ ನಡುವೆ ಇದೆ ಅಂತ ನನಗೆ ಕಾಣುತ್ತದೆ.

ಕ್ಯಾಂಪ್ ಏರಿಯಾ (ಬೆಳಗಾವಿ)

ಮೋಡಿ ಪತ್ರದವರೇ, ನಮಸ್ಕಾರ. ಇದನ್ನು ಓದಿ ಮೈ ಝುಂ ಅಂದಿತು. ಲೇಬರ್ ಕೋರ್‌ಗೆ ಜೋರಾಗಿ ಜನ ಸೇರಿಸಿದ್ದು 1917ರಲ್ಲೇ. ಫ್ರಾನ್ಸಿಗೆ ಹೋದವರಿಗೆ ತಿಂಗಳಿಗೆ 20 ರೂಪಾಯಿ ಸಂಬಳ ಇತ್ತು. ಹೊಲದ ಕೂಲಿಗೆ ಹೋಲಿಸಿದರೆ ದೊಡ್ಡ ದುಡ್ಡು. ಹೊಲ ಬಿಡಿಸಬೇಕು ಅನ್ನುವವನು ಯಾಕೆ ಹಡಗು ಹತ್ತುತ್ತಾನೆ ಅಂತ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಘಟಪ್ರಭಾ ದಂಡೆ (ಬಾಗಲಕೋಟೆ)

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ತಿಳಿಯುತ್ತಿಲ್ಲ. ತಮ್ಮ ಇದ್ದರು ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಪರಿಹಾರದ ಫೈಲಿನ ವಂಶಾವಳಿಯಲ್ಲಿ ಅವರ ಹೆಸರಿಲ್ಲ. ವಾರಸುದಾರರು ಇಲ್ಲದವರನ್ನು ಅದರಲ್ಲಿ ಯಾರು ಬರೆಸುತ್ತಾರೆ?

ನಮ್ಮ ಹೆಳವರು ಸಿಕ್ಕರು. ಸೋದರತ್ತೆಯ ಊರಿಗೆ ಈಗಲೂ ಬರುತ್ತಾರಂತೆ, ಅವಳೇ ಫೋನ್ ಹಚ್ಚಿ ಕೊಟ್ಟಳು. ಅವರು ಪುಸ್ತಕ ನೋಡದೆ ಶುರು ಮಾಡಿದರು, ಆಮೇಲೆ ಪುಸ್ತಕ ತೆಗೆದು ಓದಿದರು. ಮೋಡಿ ಕಾಗದದಲ್ಲಿರುವ ಹೆಸರೇ. ಮುತ್ತಜ್ಜನಿಗಿಂತ ಚಿಕ್ಕವರು, ಮದುವೆಯಾಗಿತ್ತು, ಮಕ್ಕಳಿಲ್ಲ. ಹೆಂಡತಿ ತವರಿಗೆ ಹೋದರು ಅಂತ ಇದೆ. ಅವರ ತವರೂರಿನ ಹೆಸರೂ ಇದೆ, ಬೀಳಗಿ ಕಡೆಯದು.

ಆಮೇಲೆ ತಾಲೂಕು ಕಚೇರಿಯಲ್ಲಿ ಊರಿನ ಹಳೇ ಜನನ-ಮರಣದ ಪುಸ್ತಕ ಸಿಕ್ಕಿತು. ಅಲ್ಲಿನ ಗುಮಾಸ್ತರು ಬಹಳ ತಾಳ್ಮೆಯಿಂದ ಹುಡುಕಿ ಕೊಟ್ಟರು. ಹಾಳೆ ಮುಟ್ಟಿದರೆ ಪುಡಿಯಾಗುತ್ತದೆ. 1918ರ ಅಕ್ಟೋಬರಿನಲ್ಲಿ ಆ ಹೆಸರು ಇದೆ. ಕಾರಣ ಅನ್ನುವ ಕಡೆ "ಜ್ವರ". ಆ ಹಾಳೆಯಲ್ಲಿ ಮೇಲಿಂದ ಕೆಳಗಿನವರೆಗೆ ಎಲ್ಲರಿಗೂ "ಜ್ವರ", "ಜ್ವರ", "ಜ್ವರ". ಹಿಂದಿನ ತಿಂಗಳುಗಳಿಗೆ ಅರ್ಧ ಹಾಳೆಯೂ ತುಂಬಿಲ್ಲ. ಅಕ್ಟೋಬರಿಗೆ ಹಾಳೆ ಸಾಲದೆ ಬೇರೆ ಕಾಗದ ಅಂಟಿಸಿದ್ದಾರೆ. ಅಲ್ಲೇ ನಿಂತು ಅತ್ತುಬಿಟ್ಟೆ. ನಮ್ಮವರು ಒಬ್ಬರೇ ಅಲ್ಲ, ಆ ಊರಿನ ಎಷ್ಟು ಮನೆ!

ಕೃಷ್ಣೆಯ ಆಚೆ (ವಿಜಯಪುರ)

ಅದು ಇನ್‌ಫ್ಲುಯೆಂಜಾ. ಮುಂಬಯಿ ಪ್ರಾಂತವೊಂದರಲ್ಲೇ 10 ಲಕ್ಷಕ್ಕೂ ಜಾಸ್ತಿ ಜನ ಸತ್ತರು. ನಮ್ಮ ಜಿಲ್ಲೆಗಳೆಲ್ಲ ಆಗ ಅದೇ ಪ್ರಾಂತದಲ್ಲಿದ್ದವು. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಕಾಳಿಲ್ಲ, ಕಡ್ಡಿಯಿಲ್ಲ, ಮೈಯಲ್ಲಿ ಕಸುವಿಲ್ಲ, ಆಗ ಬಂದ ಜ್ವರ. ಪುಸ್ತಕದಲ್ಲಿ ರೋಗದ ಹೆಸರು ಇರುವುದಿಲ್ಲ. ಬರೆಯುವವನಿಗೆ ಗೊತ್ತಿದ್ದದ್ದು "ಜ್ವರ" ಒಂದೇ.

ಹಳೇ ಪಟ (ಗೋಕಾಕ)

ಅಕ್ಕಾರೇ, ಮನಸ್ಸಿಗೆ ಬಹಳ ತಟ್ಟಿತು. ಆದರೂ ಒಂದು ಮಾತು ಹೇಳಲೇಬೇಕು. ಆ ಮೂರು ಬೆರಳು ತಮ್ಮನದೇ ಅಂತ ಈಗಲೇ ಬರೆದಿಡಬೇಡಿ. ಜೊತೆಗೆ ಹೊರಟ ಊರಿನ ಗೆಳೆಯ ಆಗಿರಬಹುದು. ಹೆಂಡತಿಯೂ ಆಗಿರಬಹುದು. ನಾನು ದೊಡ್ಡದು ಮಾಡಿ ನೋಡಿದೆ, ಬೆರಳಿಗೆ ಉಂಗುರ ಇಲ್ಲ, ಬಳೆ ಕಾಣುವಷ್ಟು ಮಣಿಕಟ್ಟು ಉಳಿದಿಲ್ಲ. ಅಂದಾಜನ್ನು ಅಂದಾಜು ಅಂತಲೇ ಬರೆಯಿರಿ. ಮುಂದಿನವರು ನಿಮ್ಮ ಮಾತನ್ನೇ ನಂಬುತ್ತಾರೆ.

ಇಂಥ ಫೋಟೋ ಒಂದಕ್ಕಿಂತ ಜಾಸ್ತಿ ಪ್ರತಿ ಹಾಕಿಸುತ್ತಿದ್ದರು. ಆ ತವರೂರಿನ ಮನೆಯಲ್ಲಿ ಕೇಳಿದ್ದೀರಾ? ಗಂಡ ಸತ್ತು ತವರಿಗೆ ಹೋದ ಹೆಣ್ಣುಮಗಳು ಬೇರೇನೂ ಒಯ್ಯದಿದ್ದರೂ ಫೋಟೋ ಒಯ್ದಿರಬಹುದು. ಕತ್ತರಿಸಿದ ಅರ್ಧವೇ ಅಲ್ಲಿರಬಹುದು.

ಘಟಪ್ರಭಾ ದಂಡೆ (ಬಾಗಲಕೋಟೆ)

ಆ ಮನೆತನದವರ ಜೊತೆ ಮಾತಾಡಿದ್ದೇನೆ. ಮನೆ ಭಾಗವಾಗಿ ನಾಲ್ಕು ಕಡೆ ಹಂಚಿಹೋಗಿದ್ದಾರೆ. ಕೇಳಿ ನೋಡುತ್ತೇವೆ ಅಂದಿದ್ದಾರೆ. ಬೆರಳಿನ ಬಗೆಗಿನ ಅಂದಾಜನ್ನು ಅಂದಾಜು ಅಂತಲೇ ಬರೆದಿಟ್ಟಿದ್ದೇನೆ.

ಕಾಕಾ ಇನ್ನೂ "ಲೇಬರರ್" ಅನ್ನುವುದನ್ನು ಪೂರ್ತಿ ಒಪ್ಪಿಲ್ಲ. ಆದರೆ ಗಹಾಣದ ಕಾಗದದ ಹಿಂದಿನ ಸಾಲನ್ನು ನನ್ನಿಂದ ಮತ್ತೆ ಮತ್ತೆ ಓದಿಸಿಕೊಂಡರು. ಆ ನಾಲ್ಕು ಎಕರೆಯಲ್ಲೇ ಅವರು ಉತ್ತು ಬಿತ್ತಿ ಬೆಳೆದವರು. ಅದು ಹಿನ್ನೀರಿಗೆ ಹೋದಾಗ ಬಂದ ಪರಿಹಾರದಲ್ಲೇ ಈಗಿನ ಮನೆ ಕಟ್ಟಿದ್ದು. ಈಗ ಕಾಕಾನೇ ಒಂದು ಪ್ರಶ್ನೆ ಕೇಳಿದ್ದಾರೆ: ಹಡಗು ಹತ್ತಿದ್ದು ಎಲ್ಲಿ, ಎಂದು? ಇದಕ್ಕೆ ಧಾರವಾಡದ ಪತ್ರಾಗಾರಕ್ಕೆ ಹೋದರೆ ಏನಾದರೂ ಸಿಗುತ್ತದಾ?

ಮೋಡಿ ಪತ್ರ (ಜಮಖಂಡಿ)

ಹೋಗು ತಂಗಿ, ಕಾಕಾನನ್ನೂ ಕರೆದುಕೊಂಡು ಹೋಗು. ಆದರೆ ಬಾಗಲಕೋಟೆ ಜಿಲ್ಲೆ ಅಂತ ಕೇಳಬೇಡ. ಜಿಲ್ಲೆ ಆಗಿದ್ದು 1997ರಲ್ಲಿ. ವಿಜಾಪುರ ಜಿಲ್ಲೆ, ಬಾಗಲಕೋಟೆ ತಾಲೂಕು, ಮುಂಬಯಿ ಪ್ರಾಂತ ಅಂತ ಕೇಳು. 1956ಕ್ಕಿಂತ ಮುಂಚಿನ ಪ್ರಾಂತ ಮಟ್ಟದ ಕಾಗದ ಬೇಕಾದರೆ ಮುಂಬಯಿಯಲ್ಲಿರುವ ಮಹಾರಾಷ್ಟ್ರ ಪತ್ರಾಗಾರದಲ್ಲೂ ಹುಡುಕಬೇಕಾಗುತ್ತದೆ. ಊರಿನ ಹೆಸರನ್ನು ಆಗಿನ ಇಂಗ್ಲಿಷ್ ಕಾಗುಣಿತದಲ್ಲಿ ಎರಡು ಮೂರು ರೀತಿ ಬರೆದುಕೊಂಡು ಹೋಗು. ಪದಕದ ಮೇಲಿನ ನಂಬರನ್ನು ಮರೆಯಬೇಡ. ಹೆಸರು ಹತ್ತು ರೀತಿ ಬರೆದಿರುತ್ತಾರೆ, ನಂಬರ್ ಒಂದೇ ಇರುತ್ತದೆ.

ಕ್ಯಾಂಪ್ ಏರಿಯಾ (ಬೆಳಗಾವಿ)

ಹೋಗುವ ಮುಂಚೆ ಪದಕದ ಅಂಚಿನ ನಾಲ್ಕು ಕಡೆಯ ಫೋಟೋ ನನಗೆ ಕಳಿಸಿ. "ಕೋರ್" ಅನ್ನುವುದರ ಮುಂದೆ ಇನ್ನೊಂದು ಅಂಕಿ ಸವೆದಂತೆ ಕಾಣುತ್ತಿದೆ. ಅದು ಯಾವ ತುಕಡಿ ಅಂತ ತಿಳಿದರೆ ಕಾಕಾ ಅವರ ಪ್ರಶ್ನೆಗೆ ದಾರಿ ಸಿಗುತ್ತದೆ.